ಬಾಯಿ ತೆರೆದ ಪೋಸ್ಟರು

ಆ ಭಾನುವಾರ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ದೇವರು ಒದ್ದೆ ಹೊದಿಕೆಯೊಂದನ್ನು ಬೀದಿಯ ಮೇಲೆ ಒಣಹಾಕಿ ಮರೆತುಹೋದಂತಿತ್ತು. ಎದುರಿಗೆ ಬರುವವರ ಕೆಮ್ಮು ಮೊದಲು ಬರುತ್ತಿತ್ತು, ಮುಖ ಆಮೇಲೆ. ಆ ಮಂಜಿನಲ್ಲೇ ಸಂಪಾದಕರು ಗೋಡೆಯಿಂದ ಗೋಡೆಗೆ ನಡೆದು, ಮೂಗು ತಾಗುವಷ್ಟು ಹತ್ತಿರ ನಿಂತು, ತಮ್ಮ ಪೋಸ್ಟರನ್ನು ತಾವೇ ಓದಿಕೊಂಡು ಸುಖಪಟ್ಟರು.

'ಹೊಸ ಸಂಗೀತ ಮಾಸಪತ್ರಿಕೆ. ಮೊದಲ ಸಂಚಿಕೆಯ ಬಿಡುಗಡೆ, ಗಾಯನ. ಭಾನುವಾರ ಬೆಳಗ್ಗೆ ಹತ್ತಕ್ಕೆ, ವಾಚನಾಲಯದ ಮಹಡಿಯಲ್ಲಿ. ಪ್ರವೇಶ ಉಚಿತ. ಎಲ್ಲರೂ ಬನ್ನಿ.'

ಅದರ ಮೇಲ್ಗಡೆ ಗೋಡೆಯಲ್ಲಿ ಇನ್ನೇನಿದೆಯೆಂದು ಮಂಜಿನಲ್ಲಿ ಕಾಣಲಿಲ್ಲ. ಕಾಣಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ.

ಸಂಪಾದಕರಾಗಿ ಅವರಿಗೆ ಇನ್ನೂ ಹದಿನೈದು ದಿನ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅದೇ ವಾಚನಾಲಯದಲ್ಲಿ ಪುಸ್ತಕಗಳಿಗೆ ಮೊಹರು ಒತ್ತುವ ಗುಮಾಸ್ತರು. ಒತ್ತುವುದನ್ನೂ ತಾಳ ಹಿಡಿದೇ ಒತ್ತುತ್ತಿದ್ದರು. ದೇವರು ಅವರಿಗೆ ಕಂಠ ಕೊಡಲಿಲ್ಲ, ಕಿವಿ ಕೊಟ್ಟ. ಕೊಟ್ಟವನಿಗೆ ಪ್ರತಿಯಾಗಿ ಏನಾದರೂ ಸಲ್ಲಿಸಬೇಕಲ್ಲ ಎಂಬ ಕೊರಗು ವರ್ಷಗಟ್ಟಲೆ ಕಾಡಿ, ನಿವೃತ್ತಿಯಾದ ಮರುದಿನವೇ ಪತ್ರಿಕೆಯ ರೂಪ ತಾಳಿತು.

ಒಂದು ಸಂಚಿಕೆ ಹೇಗೋ ಅಚ್ಚಾಯಿತು. ಮುಂದಿನವುಗಳ ಗತಿ ಕಾಗದದಂಗಡಿ ಯಜಮಾನರ ಕೈಯಲ್ಲಿತ್ತು. ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಒಂದು ವರ್ಷದ ಕಾಗದ ನಂದು, ಸಂಪಾದಕ್ರೇ. ಆದ್ರೆ ನಿಮ್ಮ ಪತ್ರಿಕೆಗೆ ಜನ ಇದಾರೆ ಅಂತ ನನ್ನ ಕಣ್ಣಿಗೆ ಕಾಣಬೇಕು. ಭಾನುವಾರ ಮಹಡಿ ತುಂಬಬೇಕು. ವಿದ್ವಾಂಸರು ಹಾಡಿ ಮುಗಿಸೋತನಕ ಒಬ್ಬನೂ ಏಳಬಾರದು. ಎದ್ರೋ, ಆ ಕಾಗದ ಪೊಟ್ಟಣ ಕಟ್ಟೋರ ಪಾಲು."

ಜನ ಸೇರಿಸುವ ಹೊಣೆಯನ್ನು ಹೆಂಡತಿಯ ತಮ್ಮ ಹೊತ್ತುಕೊಂಡ. ಅವನು ಸಾಬೂನು ಮಾರುವವನು. "ಭಾವ, ಕೊಳೆಯೇ ಇಲ್ಲದ ಮನೆಗೂ ಸಾಬೂನು ಮಾರಿದೀನಿ. ಸಂಗೀತ ಯಾವ ಮಹಾ?" ಎಂದಿದ್ದ.

ಒಂಬತ್ತಕ್ಕೆ ಸಂಪಾದಕರು ವಾಚನಾಲಯ ಮುಟ್ಟಿದಾಗ ಮೆಟ್ಟಿಲ ತುಂಬ ಜನ. ಅವರ ಕಣ್ಣು ತುಂಬಿಬಂತು. ಇಷ್ಟೊಂದು ರಸಿಕರು ಇಷ್ಟು ದಿನ ಎಲ್ಲಿ ಅಡಗಿದ್ದರಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದು ಮೆಟ್ಟಿಲು ಹತ್ತಿದರು. ಹತ್ತುತ್ತ ಹತ್ತುತ್ತ ನಡಿಗೆ ನಿಧಾನವಾಯಿತು. ಎಲ್ಲರೂ ಒಂದೊಂದು ಕೆನ್ನೆ ಹಿಡಿದುಕೊಂಡಿದ್ದರು. ಒಬ್ಬನ ಕೆನ್ನೆ ಮಾಗಿದ ಪರಂಗಿಹಣ್ಣಿನಷ್ಟಿತ್ತು.

"ಸಂಗೀತ ಅಂದ್ರೆ ಬಹಳ ಇಷ್ಟವೇನಮ್ಮಾ?" ಎಂದು ಮುಂದೆ ನಿಂತಿದ್ದ ಅಜ್ಜಿಯನ್ನು ಕೇಳಿದರು.

"ಸಂಗೀತಾನೂ ಬೇಡ, ಸುಡುಗಾಡೂ ಬೇಡ. ಇದೊಂದು ದವಡೆಹಲ್ಲು ಕಿತ್ತುಬಿಡಪ್ಪಾ, ನಿನಗೆ ಪುಣ್ಯ ಬರಲಿ," ಎಂದು ಅಜ್ಜಿ ಬಾಯಿ ತೆರೆದಳು.

ಸಂಪಾದಕರು ಗೋಡೆಗೆ ಆತುಕೊಂಡರು. ಅದೇ ಹೊತ್ತಿಗೆ ಹೊರಗೆ ಬಿಸಿಲು ಬಿದ್ದು ಮಂಜು ಸರಿಯಿತು. ಕಿಟಕಿಯಾಚೆ, ಎದುರು ಗೋಡೆಯಲ್ಲಿ, ತಮ್ಮ ಪುಟ್ಟ ಪೋಸ್ಟರು ಕಂಡಿತು. ಅದರ ಮೇಲ್ಗಡೆ ಗಾಡಿಯ ಚಕ್ರದಷ್ಟಗಲ ತೆರೆದ ಬಾಯಿ, ಮೂವತ್ತೆರಡು ಹಲ್ಲು. ಆ ಹಲ್ಲುಗಳ ಮೇಲೆ ಕೆಂಪಕ್ಷರ: 'ಉಚಿತ ದಂತ ಚಿಕಿತ್ಸಾ ಶಿಬಿರ.'

"ಏನಯ್ಯಾ ಮಾಡಿದೀಯ?" ಭಾವಮೈದನನ್ನು ಮೂಲೆಗೆಳೆದು ಕೇಳಿದರು.

"ಯಾಕೆ ಭಾವ? ಹಲ್ಲಿನ ಡಾಕ್ಟ್ರು ನಿನ್ನೆ ಸಂಜೆ ಊರ ತುಂಬ ದೊಡ್ಡ ಪೋಸ್ಟರು ಅಂಟಿಸಿದ್ರು. ನಮ್ಮದು ಚಿಕ್ಕದು, ಬರೀ ಅಕ್ಷರ. ಅದರ ಕೆಳಗಿನ ಅರ್ಧಕ್ಕೆ ಸರಿಯಾಗಿ ಕೂತ್ಕೊಳ್ತು. ಅಂಟೂ ಹಸಿಯಾಗಿತ್ತು. ಮೇಲೆ ಬಾಯಿ ತೆರೆದಿರೋದು ನೋಡಿದ್ರೆ ಥೇಟ್ ಗಾಯಕರ ಹಾಗೇ ಇತ್ತು."

"ಕೆಂಪಕ್ಷರ ಕಾಣಲಿಲ್ವಾ?"

"ಅಕ್ಷರ ಯಾರು ಓದ್ತಾರೆ ಭಾವ? ಜನ ಚಿತ್ರ ನೋಡ್ತಾರೆ."

"ಮೇಲಿನ ಅಕ್ಷರ ಓದಿದಾರೆ! ಕೆಳಗಿನ ಜಾಗ, ಹೊತ್ತು ಅದೂ ಓದಿದಾರೆ! ನಡುವೆ ಸಂಗೀತ ಅನ್ನೋ ಒಂದೇ ಒಂದು ಮಾತು ಬಿಟ್ಟಿದಾರೆ!"

ಅಷ್ಟರಲ್ಲಿ ಕಾಗದದಂಗಡಿ ಯಜಮಾನರು ಮಹಡಿ ಹತ್ತಿ ಬಂದರು. ಅರವತ್ತು ಕುರ್ಚಿಯೂ ತುಂಬಿದ್ದು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಅಬ್ಬಾ! ನಾನು ನಂಬಿರಲಿಲ್ಲ ಕಣ್ರೀ. ಆದ್ರೆ ಎಲ್ರೂ ಯಾಕೆ ಕೆನ್ನೆ ಮೇಲೆ ಕೈ ಇಟ್ಟಿದಾರೆ?"

"ತಲ್ಲೀನತೆ, ಯಜಮಾನ್ರೇ," ಎಂದಿತು ಸಂಪಾದಕರ ಬಾಯಿ, ಅವರ ಅಪ್ಪಣೆಯಿಲ್ಲದೆ.

"ಹಾಡು ಶುರುವೇ ಆಗಿಲ್ಲವಲ್ಲ!"

"ಕಾಯೋದ್ರಲ್ಲೇ ತಲ್ಲೀನರಾಗಿದಾರೆ."

ಯಜಮಾನರು ತಲೆದೂಗಿ ಮುಂದಿನ ಸಾಲಿನಲ್ಲಿ ತಮಗೆಂದೇ ಬೇರೆಯಾಗಿ ಹಾಕಿದ್ದ ಕುರ್ಚಿಯಲ್ಲಿ ಕುಳಿತರು. ಹಿಂದಿನ ಸಾಲಿನಿಂದ ಆಗಲೇ ಗೊಣಗಾಟ ಎದ್ದಿತ್ತು. "ಡಾಕ್ಟ್ರು ಎಲ್ರೀ?" "ಬರ್ತಾರೋ, ನಾನೇ ಬಾಗಿಲಿಗೆ ದಾರ ಕಟ್ಕೊಂಡು ಎಳೀಲೋ?" ನಾಲ್ಕು ಜನ ಎದ್ದೇಬಿಟ್ಟರು. ಒಂದು ವರ್ಷದ ಕಾಗದ ಕಣ್ಣೆದುರೇ ಪೊಟ್ಟಣವಾಗತೊಡಗಿತು.

ಸಂಪಾದಕರು ಹಿಂಬದಿಯ ಜಗಲಿಗೆ ಓಡಿದರು. ಅಲ್ಲಿ ಹಲ್ಲಿನ ಡಾಕ್ಟರೇ ನಿಂತಿದ್ದರು! ಕೈಯಲ್ಲಿ ಚೀಲ, ಹಿಂದೆ ಇಬ್ಬರು ನರ್ಸಮ್ಮಂದಿರು, ಮುಖ ಕಾದ ಕಬ್ಬಿಣ.

"ನನ್ನ ಶಿಬಿರಕ್ಕೆ ಬೆಳಗ್ಗೆಯಿಂದ ಒಂದು ಹಲ್ಲೂ ಬಂದಿಲ್ಲ! ಎಲ್ಲಾ ಇಲ್ಲಿ ಇಟ್ಕೊಂಡಿದೀರಿ!"

ಸಂಪಾದಕರು ಅವರ ಎರಡೂ ಕೈ ಹಿಡಿದುಕೊಂಡರು. ಆಪತ್ತಿನಲ್ಲಿ ಕೆಲವರಿಗೆ ಬುದ್ಧಿ ಕೆಡುತ್ತದೆ, ಕೆಲವರಿಗೆ ಹೊಳೆಯುತ್ತದೆ. ಅವರಿಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

"ಡಾಕ್ಟ್ರೇ, ದೇವರೇ ನಿಮ್ಮನ್ನ ಕಳಿಸಿದಾನೆ. ವೇದಿಕೆ ಹಿಂದೆ ಒಂದು ಕೋಣೆ ಇದೆ. ಅಲ್ಲೇ ಶಿಬಿರ ಮಾಡಿ. ಒಬ್ಬೊಬ್ಬರನ್ನೇ ಕರೀರಿ, ಕಿತ್ತು ನನಗೇ ವಾಪಸ್ ಕೊಡಿ. ಒಬ್ಬರನ್ನೂ ಮನೆಗೆ ಕಳಿಸಬೇಡಿ."

ಡಾಕ್ಟರು ಚೀಲವನ್ನು ನರ್ಸಮ್ಮನ ಕೈಗಿತ್ತರು. "ಆಯ್ತು. ನನಗೆ ಹಲ್ಲು ಸಾಕು. ಮಿಕ್ಕಿದ್ದೆಲ್ಲ ನಿಮ್ಮದು."

ಭಾವಮೈದನಿಗೆ ವ್ಯಾಪಾರದ ಹುರುಪು ಮರಳಿತು. ಯಜಮಾನರ ಕಿವಿಗೆ ಬೀಳದಂತೆ ಸಾಲಿಂದ ಸಾಲಿಗೆ ಹೋಗಿ ಪಿಸುದನಿಯಲ್ಲಿ ಸಾರಿದ: "ಮಾನ್ಯರೇ! ಹಲ್ಲು ಈಗ. ನೋವಿನ ಮಾತ್ರೆ, ಜೊತೆಗೊಂದು ಪತ್ರಿಕೆ, ಹಾಡು ಮುಗಿದ ಮೇಲೆ!"

ಎದ್ದ ನಾಲ್ಕೂ ಜನ ಕುಳಿತರು. ಸಂಪಾದಕರು ಅವನನ್ನು ಜೀವನದಲ್ಲಿ ಮೊದಲ ಸಲ ಪ್ರೀತಿಯಿಂದ ನೋಡಿದರು.

ಆಮೇಲಿನ ಮೂರು ತಾಸು ಕೋಣೆಯ ಬಾಗಿಲು ತೆರೆಯಿತು, ಮುಚ್ಚಿತು. ಕೆಲವರಿಗೆ ಕಿತ್ತರು, ಕೆಲವರಿಗೆ ಬರಿದೇ ಮದ್ದು ಸವರಿದರು. ಹೋದವರೆಲ್ಲ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದು ತಂತಮ್ಮ ಕುರ್ಚಿಯಲ್ಲಿ ಕುಳಿತರು. ಗೊಣಗಾಟ ಸಾಲು ಸಾಲಾಗಿ ಆರಿತು. ಕೊನೆಗೆ ಗಡಿಯಾರದ ಟಿಕ್‌ಟಿಕ್ ಮಾತ್ರ ಉಳಿಯಿತು.

ಯಜಮಾನರು ಹಿಂತಿರುಗಿ ನೋಡಿ ಬೆರಗಾದರು. ಪಾಪ, ಒಳಗೆ ಹೋಗಿ ಬರುವವರೆಲ್ಲ ಚಂದಾದಾರರಾಗುತ್ತಿದ್ದಾರೆಂದೇ ಅವರು ತಿಳಿದಿದ್ದರು.

"ಏನು ಶಿಸ್ತು! ಪ್ರಾರ್ಥನೆಗೆ ಕೂತೋರಲ್ಲೂ ಇಂಥ ಮೌನ ಕಂಡಿಲ್ಲ. ಒಂದಲ್ಲ ಸಂಪಾದಕ್ರೇ, ಎರಡು ವರ್ಷದ ಕಾಗದ. ಹಾಡೊಂದು ಆಗಲಿ."

ಸಂಪಾದಕರ ಎದೆ ಹಿಗ್ಗಿತು, ಮರುಕ್ಷಣವೇ ಕುಗ್ಗಿತು. ಹಾಡುವವರು ಎಲ್ಲಿ? ವೇದಿಕೆಯ ಮೇಲೆ ಆಗಷ್ಟೇ ಬಂದ ಮೃದಂಗದವರು ಒಬ್ಬರೇ ಕುಳಿತು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು.

"ವಿದ್ವಾಂಸರು ನನಗಿಂತ ಮುಂಚೆ ಹೊರಟಿದ್ರಲ್ಲ," ಎಂದರು ಅವರು. "ಹಿಂಬಾಗಿಲಿಂದ ಬಂದು ಒಳಕೋಣೆಯಲ್ಲಿ ಕೂತಿರ್ತೀನಿ ಅಂತ ನಿನ್ನೇನೇ ಹೇಳಿದ್ರು."

"ಯಾವ ಒಳಕೋಣೆ?"

ಮೃದಂಗದವರು ಗದ್ದದಿಂದ ವೇದಿಕೆಯ ಹಿಂದೆ ತೋರಿಸಿದರು.

ಸಂಪಾದಕರು ಅತ್ತ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಪ್ರಸನ್ನರಾಗಿ ಬಂದರು. ಅವರ ಹಿಂದೆ, ಹೆಗಲ ಮೇಲೆ ಶಾಲು, ಹಣೆಯಲ್ಲಿ ಬೆವರು, ಎಡಗೆನ್ನೆಯಲ್ಲೊಂದು ನಿಂಬೆಹಣ್ಣಿನಷ್ಟು ಊತ ಹೊತ್ತ ವಿದ್ವಾಂಸರು.

"ಇವರೇ ಕೊನೆಯವರು," ಎಂದರು ಡಾಕ್ಟರು. "ಏನು ತಾಳ್ಮೆ ಅಂತೀರಿ! ಬಂದ್ರು, ಕೈ ಮುಗಿದ್ರು, ಕೂತ್ರು. ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ತೆಗೀರಿ ಅಂದೆ, ಗಂಟಲಿನ ತಳ ಕಾಣೋ ಹಾಗೆ ತೆಗೆದ್ರು. ಹದಿನೆಂಟು ವರ್ಷದಲ್ಲಿ ಇಷ್ಟು ಸೊಗಸಾಗಿ ಬಾಯಿ ತೆರೆದ ಪೇಷೆಂಟನ್ನ ನಾನು ಕಂಡಿಲ್ಲ. ಮೂರು ಹಾಳಾಗಿತ್ತು. ಮೂರೂ ತೆಗೆದೆ."

"ಅಯ್ಯಯ್ಯೋ!" ಮೃದಂಗದವರ ಕೈ ಗಾಳಿಯಲ್ಲೇ ನಿಂತಿತು. "ಹಾಡೋ ದಿನ ಅವರು ವೇದಿಕೆ ಹತ್ತೋತನಕ ಮಾತಾಡೋದಿಲ್ಲ ಕಣ್ರೀ! ಅದು ಅವರ ವ್ರತ! ಗಂಟಲು ನೋಡೋಕೆ ನೀವೇ ಡಾಕ್ಟ್ರನ್ನ ಕರೆಸಿದೀರಿ ಅಂದ್ಕೊಂಡಿರ್ತಾರೆ!"

ಡಾಕ್ಟರ ಮುಖದ ಪ್ರಸನ್ನತೆ ಹನಿಹನಿಯಾಗಿ ಇಳಿಯಿತು. ಮುಂದಿನ ಸಾಲಿನಲ್ಲಿ ಯಜಮಾನರು ಕಾಲಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ, "ಶುರುವಾಗಲಿ," ಎಂದರು. ಅವರ ಹಿಂದೆ ಅರವತ್ತು ಜನ, ಮರಗಟ್ಟಿದ ವಸಡು ಈಗಷ್ಟೇ ಎಚ್ಚರವಾಗುತ್ತಿದ್ದವರು, ಹಾಡು ಮುಗಿದರೆ ಸಿಗುವ ಮಾತ್ರೆಗಾಗಿ ವೇದಿಕೆಯನ್ನೇ ನೋಡುತ್ತಿದ್ದರು. ಒಬ್ಬರೂ ಏಳಲಿಲ್ಲ.

ವಿದ್ವಾಂಸರು ಸಂಪಾದಕರ ಹತ್ತಿರ ಬಂದು ನಿಂತರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರಿತ್ತು. ಶಾಲಿನ ಮಡಿಕೆಯಿಂದ ಒಂದು ಚೀಟಿ ತೆಗೆದರು. ಇಂದು ಹಾಡಬೇಕೆಂದು ಸಂಪಾದಕರೇ ಆಸೆಪಟ್ಟು ಬರೆದು ಕಳಿಸಿದ್ದ ಏಳು ಹಾಡುಗಳ ಪಟ್ಟಿ. ಅದನ್ನು ನಾಲ್ಕು ಮಡಿಕೆ ಮಾಡಿ ಸಂಪಾದಕರ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಮುಚ್ಚಿದರು.