ಸೌಂಡಿಲ್ಲದ ಸಿನಿಮಾ

ಕಿವಿಯ ಮಷೀನಿಗೆ ಕೊಪ್ಪಳದಲ್ಲಿ ಹೇಳಿದ ರೇಟು ಮೂವತ್ತು ಸಾವಿರ. ಟಿವಿಯ ಸೌಂಡು ಏರಿಸಲು ಬಿಡಿಗಾಸೂ ಬೇಡ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಜೀವಮಾನವೆಲ್ಲ ದುಡಿದು ಕಿವಿ ಮಂದವಾಗಿದ್ದ ಕರಿಬಸಪ್ಪ ಎರಡನೆಯದನ್ನೇ ಆರಿಸಿಕೊಂಡ. ಅಂದಿನಿಂದ ಅವನ ಮನೆಯ ಧಾರಾವಾಹಿಯ ಅಳು ಓಣಿಗೆಲ್ಲ ಕೇಳುತ್ತಿತ್ತು.

ಅವತ್ತು ಬೆಳಿಗ್ಗೆ ಪಕ್ಕದ ಮನೆಯ ಪಂಪಾಪತಿ ಬಂದು ಅವನ ಕಿವಿಯಲ್ಲಿ ಕೂಗಿದ: "ಕರಿಬಸಪ್ಪಣ್ಣಾ, ನಮ್ಮ ಮಗಳು ಐಶ್ವರ್ಯಾನ್ನ ನೋಡಾಕ ಸಿದ್ದಾಪುರದಿಂದ ಗಂಡಿನ ಕಡಿಯವ್ರು ಬರ್ತಾರ. ಇವತ್ತೊಂದಿನ ಸೌಂಡ ಬಂದ್ ಇಡ್ರಿ."

"ನಮ್ಮ ಕೈಯಾಗ ಆಡಿದ ಹುಡುಗಿ. ಇಡೂದಿಲ್ಲೇನು?"

ಹೆಂಡತಿ ಶೇಖರಮ್ಮ ಉಪ್ಪಿಟ್ಟು ಮಾಡಿಕೊಡಲು ಪಕ್ಕದ ಮನೆಗೆ ಹೋದಳು. ಕರಿಬಸಪ್ಪ ಸೌಂಡನ್ನು ಸೊನ್ನೆಗೆ ಇಳಿಸಿದ.

ಸೌಂಡಿಲ್ಲದ ಧಾರಾವಾಹಿ ಉಪ್ಪಿಲ್ಲದ ಸಾರಿನಂತಿತ್ತು. ರಿಮೋಟು ಒತ್ತುತ್ತ ಹೋದಾಗ ನೂರು ವರ್ಷದ ಹಿಂದಿನ ಮೂಕಿ ಚಿತ್ರವೊಂದು ಸಿಕ್ಕಿತು. ಒಬ್ಬ ಬಡಕಲ ಏಣಿ ಹೊತ್ತು ತಿರುಗುತ್ತಾನೆ. ತಿರುಗಿದಾಗಲೆಲ್ಲ ಒಬ್ಬ ಪೊಲೀಸ ಬೀಳುತ್ತಾನೆ. ಮಾತಿಲ್ಲ, ಎಲ್ಲ ಕೈಸನ್ನೆ. ಗಿರಣಿಯ ಗದ್ದಲದಲ್ಲಿ ಅವನೂ ಹಮಾಲರೂ ಮಾತಾಡಿದ್ದು ಹೀಗೆಯೇ. ಎಲ್ಲವೂ ತಿಳಿಯಿತು. ಕಿವಿ ಹೋದ ಮೇಲೆ ಜನರ ನಗೆಮಾತನ್ನು ಅವನು ಎರಡೆರಡು ಸಲ ಕೇಳಬೇಕಿತ್ತು. ತಣ್ಣಗಾದ ಚಹಾ ಕುಡಿದಂತೆ. ಇದು ಬಿಸಿಬಿಸಿ ಸಿಕ್ಕಿತು. ಬಡಕಲನದು ಮುಗಿದರೆ ದಡಿಯನೊಬ್ಬನದು. ಇಷ್ಟು ದಿನ ಎಲ್ಲಿದ್ದರಪ್ಪಾ ಇವರು! ಹೊಟ್ಟೆ ಹಿಡಿದು ನಕ್ಕ.

ಅಷ್ಟರಲ್ಲಿ ಪಂಪಾಪತಿ ನುಗ್ಗಿ ಬಂದ. ಬಾಯಿ ಆಡುತ್ತಿತ್ತು, ಕೈ ಬೀಸುತ್ತಿತ್ತು, ಮಾತು ಕೇಳಿಸಲಿಲ್ಲ. ಹೊಸ್ತಿಲು ಎಡವಿ, ಥೇಟ್ ಆ ಪೊಲೀಸನ ಹಾಗೆಯೇ ಬಿದ್ದ. ಕರಿಬಸಪ್ಪನ ನಗು ಇಮ್ಮಡಿಯಾಯಿತು.

"ಸಿಟ್ಟ್ಯಾಕ ಮಾರಾಯಾ? ನೋಡು, ಸೊನ್ನಿ ಐತಿ!" ಎಂದು ಟಿವಿ ತೋರಿಸಿದ.

ಹಿಂದೆಯೇ ಬಂದ ಶೇಖರಮ್ಮ ಗಂಡನ ಕಿವಿಗೆ ಬಾಯಿಟ್ಟಳು. "ಟಿವಿದು ಸೊನ್ನಿ ಐತಿ. ನಿಮ್ದು? ಅವ್ರು 'ನಮ್ಮ ಹುಡುಗ ಭಾಳ ಶ್ಯಾಣ್ಯಾ ಅದಾನ' ಅಂದ್ರು, ಗ್ವಾಡಿ ಆಚೆಯಿಂದ ನೀವು ಹೋ ಹೋ! 'ಯಾವ ಚಟಾನೂ ಇಲ್ಲ' ಅಂದ್ರು, ಮತ್ತ ಹೋ ಹೋ! ನಮ್ಮನ್ನ ನಗ್ಯಾಡಾಕ ಕರಸೀರೇನು ಅಂತ ಎದ್ದು ಹೋದ್ರು."

ತನ್ನ ನಗು ಅಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನೂ ಕೇಳಿ ವರ್ಷಗಳಾಗಿದ್ದವು. ತಪ್ಪಾಯಿತೆನ್ನಲು ಪಕ್ಕದ ಮನೆಗೆ ಹೋದರೆ, ಬಾಗಿಲಿಗೊರಗಿದ್ದ ಐಶ್ವರ್ಯ 'ಇರಲಿ ಬಿಡ್ರಿ ಕಾಕಾ' ಎಂದು ಕೈಸನ್ನೆ ಮಾಡಿದಳು. ಬೈದಿದ್ದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಇದು ಚೆನ್ನಾಗಿ ತಿಳಿಯಿತು.

ಸಂಜೆ ಪಂಪಾಪತಿ ಓಣಿಯವರನ್ನೆಲ್ಲ ಕರೆದುಕೊಂಡು ಬಂದು ಕೈಮುಗಿದ. "ಆ ಮೂಕಿ ಚಿತ್ರ ಬ್ಯಾಡ್ರಿ ಅಣ್ಣಾ. ಧಾರಾವಾಹೀನ ಹಾಕ್ರಿ. ಮೊದಲಿನಷ್ಟ ಸೌಂಡ ಇಡ್ರಿ!"

ಟಿವಿ ಮತ್ತೆ ಅಳತೊಡಗಿತು. ಓಣಿಗೆ ನೆಮ್ಮದಿ ಸಿಕ್ಕಿತು. ಹುಡುಗಿಗೆ ಸಂಬಂಧ ತಪ್ಪಿತು. ಕರಿಬಸಪ್ಪನಿಗೆ ನಗು ಸಿಕ್ಕಿದ್ದು ಬೆಳಿಗ್ಗೆ, ಹೋದದ್ದು ಸಂಜೆ.