ಎಡಗೈ ಚಿನ್ನ, ಬಲಗೈ ಚಿನ್ನ

ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ ಬೆನ್ನು ಹತ್ತಿದವಳಿಗೆ ನಗು ಮಾತ್ರ ಯಾವಾಗಲೂ ದೊಡ್ಡದಾಗೇ ಸಿಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನಾಗ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸರಸ್ವತಿಪುರಂ ಮನೆಯಲ್ಲಿ ಅಮ್ಮ, ಅಜ್ಜಿ; ಲ್ಯಾಬಿನಲ್ಲಿ ನನ್ನ ಗೈಡ್ ಆಗಿದ್ದ ಮೇಷ್ಟ್ರು.

ಒಡೆದ ಚಿನ್ನ

"ಅದೇನು ಚಿನ್ನ, ತೋರಿಸೇ" ಅಂತ ಅಜ್ಜಿ ಹಟ ಹಿಡಿದರು. ಬಿರಡೆ ಬಿಗಿದ ಪುಟ್ಟ ಸೀಸೆಯೊಂದನ್ನು ಮನೆಗೆ ತಂದೆ. ಒಳಗೆ ಕೆಂಪು ನೀರು.

"ಇದು ದಾಸವಾಳದ ಶರಬತ್ತು ಕಣೇ!"

"ಚಿನ್ನಾನೇ ಅಜ್ಜಿ. ತುಂಬಾ ಸಣ್ಣ ಚೂರಾದ್ರೆ ಹೀಗೆ ಕೆಂಪಗೆ ಕಾಣುತ್ತೆ."

ಅಜ್ಜಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮರುಕದಿಂದ ಕೇಳಿದರು: "ಅಯ್ಯೋ, ಯಾರಮ್ಮ ಬೀಳಿಸಿದ್ದು?"

ಉಪ್ಪು

ನಮ್ಮ ಪ್ರಯೋಗದಲ್ಲಿ ಆ ಕಣಗಳು ತಾವಾಗಿಯೇ ಸೇರಿ, ಸುತ್ತು ಮೆಟ್ಟಿಲಿನ ಹಾಗೆ ತಿರುಚಿಕೊಂಡು ಸಾಲುಗಟ್ಟಬೇಕು. ಆಗ ತಿರುಗುತ್ತಾ ಸಾಗುವ ಬೆಳಕು ಹಾಯಿಸಿದರೆ, ಸಾಲು ಎಡಕ್ಕೆ ತಿರುಚಿದೆಯೋ ಬಲಕ್ಕೋ ಅನ್ನುವುದು ಗೊತ್ತಾಗುತ್ತದೆ. ನಮ್ಮವೋ, ಸಿಟಿ ಬಸ್ಸಿಗೆ ನುಗ್ಗುವ ಜನರ ಹಾಗೆ ಒಟ್ಟಿಗೇ ಮುತ್ತಿಕೊಂಡು, ನೀಲಿಗಟ್ಟಿ ತಳಕ್ಕಿಳಿದುಬಿಡುತ್ತಿದ್ದವು. ತಿಂಗಳುಗಟ್ಟಲೆ ಇದೇ ಪಾಡು. ಒಂದು ಮಧ್ಯಾಹ್ನ, ಉಳಿದಿದ್ದ ಒಂದೇ ಕೆಂಪು ಸೀಸೆಯ ಮುಂದೆ ಕೂತು ಅತ್ತೇಬಿಟ್ಟೆ. ಮೇಷ್ಟ್ರು ಬಂದು ಕರವಸ್ತ್ರ ಕೊಟ್ಟು, ತೆರೆದ ಸೀಸೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಅಳು ಕಣಮ್ಮ, ಪರವಾಗಿಲ್ಲ. ಆ ಕಡೆ ತಿರುಗಿ ಅಳು. ಕಣ್ಣೀರಲ್ಲಿ ಉಪ್ಪಿರುತ್ತೆ, ಬಿದ್ರೆ ಇದೂ ಗಂಟು ಕಟ್ಬುಡುತ್ತೆ!"

ಅಜ್ಜಿಯ ಪ್ರಯೋಗ

ಕೊನೆಗೊಂದು ದಿನ ಫಲ ಸಿಕ್ಕಿತು. ಎಡಕ್ಕೆ ತಿರುಚಿದ ಸಾಲುಗಳು ಗ್ರಾಫಿನಲ್ಲಿ ಗುಡ್ಡ ಬರೆದವು. ಬಲಕ್ಕೆ ತಿರುಚಿದವು ಅದೇ ಜಾಗದಲ್ಲಿ ಹಳ್ಳ ತೋಡಿದವು. ಅಜ್ಜಿಗೆ ಎರಡೂ ಅಂಗೈ ತೋರಿಸಿ ಹೇಳಿದೆ: "ಹೀಗೆ, ಒಂದು ಎಡಗೈ, ಒಂದು ಬಲಗೈ."

ಅಜ್ಜಿ ಹುಟ್ಟಿನಿಂದ ಎಡಚರು. ಚಿಕ್ಕಂದಿನಲ್ಲಿ ಎಡಗೈಗೆ ಬಟ್ಟೆ ಕಟ್ಟಿ ಬಲಗೈ ರೂಢಿ ಮಾಡಿಸಿದ್ದರಂತೆ. ಮೆಲ್ಲಗೆ ಕೇಳಿದರು: "ಎಡಗೈಯವನ್ನ ಸರಿ ಮಾಡ್ತೀರಾ?"

"ಇಲ್ಲಜ್ಜಿ. ಅವು ಹಾಗಿರೋದೇ ಸರಿ."

ಆ ಭಾನುವಾರ ಮೇಷ್ಟ್ರು ನಮ್ಮ ಮನೆಗೆ ಊಟಕ್ಕೆ ಬಂದರು. ಪಾಯಸ ತಂದ ಅಜ್ಜಿಯ ಸೌಟು ಎಡಗೈಯಲ್ಲಿತ್ತು!

"ಅತ್ತೆ, ಎಡಗೈ!" ಅಂತ ಅಮ್ಮ ಗಾಬರಿಯಾದರು.

ಅಜ್ಜಿ ಕೇಳಿಸದವರಂತೆ ಬಡಿಸಿದರು. ಸದಾ ಎಲೆಯ ಸುತ್ತ ಚೆಲ್ಲುತ್ತಿದ್ದವರು ಅವತ್ತು ಒಂದು ತೊಟ್ಟೂ ಚೆಲ್ಲಲಿಲ್ಲ. ಆಮೇಲೆ ಮಾತ್ರ ಅಂಜುತ್ತ ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಪಾಯಸ ಪೂರ್ತಿ ಮುಗಿಸಿ, ಬಟ್ಟಲು ಚಾಚಿ, ಗಂಭೀರವಾಗಿ ಹೇಳಿದರು: "ಇನ್ನೊಂದು ಸಲ ಬಡಿಸಿ ಅಮ್ಮಾ, ಅದೇ ಕೈಯಲ್ಲಿ. ಪ್ರಯೋಗ ಒಂದೇ ಸಲ ಮಾಡಿದ್ರೆ ಯಾರೂ ನಂಬಲ್ಲ."