ತಲೆಗೆ ಮಾಡಿಸಿದ ಚಾಟ್ನಿ

ಹಾರ್ಮೋನಿನ ವಿಷಯದಲ್ಲಿ ದ್ರಾಕ್ಷಿ ಬೆಳೆಯುವವನಿಗೆ ಡಾಕ್ಟರ ಪಾಠ ಬೇಕಿಲ್ಲವೆಂದೇ ನಾನು ನಂಬಿದ್ದೆ. ತಿಕೋಟಾದ ನಮ್ಮ ತೋಟದಲ್ಲಿ ಪ್ರತಿ ವರ್ಷ ಗೊಂಚಲುಗಳನ್ನು ಹಾರ್ಮೋನಿನಲ್ಲಿ ಅದ್ದಿ ದಪ್ಪ ಮಾಡಿದ ಕೈ ಇದು! ಆದರೆ ಮೂವತ್ತೊಂದಕ್ಕೇ ನನ್ನ ನೆತ್ತಿ ಬಯಲಾಯಿತು. ಕನ್ಯೆ ನೋಡಲು ಹೋದ ಎರಡು ಮನೆಯವರು ಅದನ್ನು ನೋಡಿ ಬರೀ ಚಹಾ ಕುಡಿಸಿ ಕಳಿಸಿದ್ದರು. ಬಬಲೇಶ್ವರಕ್ಕೆ ಕನ್ಯೆ ನೋಡಲು ಹೋಗುವುದಕ್ಕೆ ಇನ್ನು ಇಪ್ಪತ್ತೇ ದಿನ. ಇದೂ ತಪ್ಪಿದರೆ ಮುಂದೆ ಯಾರೂ ಕರೆಯಲಾರರೆಂದು ಹೆದರಿದ್ದೆ.

ವಿಜಯಪುರದ ಡಾಕ್ಟರು ನೆತ್ತಿಗೆ ಟಾರ್ಚ್ ಹಿಡಿದರು.

"ಡಿಎಚ್‌ಟಿ ಅಂತ ಒಂದ ಹಾರ್ಮೋನ್ ಐತ್ರಿ. ಗಂಡಸರಿಗೆ ಬೇಕಾದದ್ದ. ಗಡ್ಡ, ಮೀಸಿ ಬೆಳ್ಯಾಕ ಅದ ಕಾರಣ. ಆದ್ರ ಮನೆತನದಾಗ ಬೋಳ ತಲಿ ಇದ್ರ, ನೆತ್ತಿ ಮ್ಯಾಲಿನ ಕೂದಲ ಬೇರ ಅದ ಸೊರಗಸ್ತೈತಿ."

"ಅಂದ್ರ ಗಡ್ಡಕ್ಕ ಗೊಬ್ಬರ, ತಲಿಗಿ ಕಳಿನಾಶಕ ಅನ್ರಿ!"

"ಹಂಗ ತಿಳ್ಕೊರಿ. ಔಷಧ ಅದಾವು, ಆದ್ರ ತಿಂಗಳಾನಗಟ್ಲೆ ತಾಳ್ಮಿ ಬೇಕು. ನೀವಾಗೇ ಏನೂ ಮಾಡಾಕ ಹೋಗಬ್ಯಾಡ್ರಿ."

ತಿಂಗಳುಗಟ್ಟಲೆ! ಮೆಟ್ಟಿಲಿಳಿಯುವಾಗಲೇ ನನಗೆ ಜ್ಞಾನೋದಯವಾಯಿತು. ಅಕ್ಟೋಬರಿನಲ್ಲಿ ನಾವು ಬಳ್ಳಿಗೆ ಚಾಟ್ನಿ ಮಾಡುತ್ತೇವೆ, ಅಂದರೆ ಕಡ್ಡಿಗಳನ್ನೆಲ್ಲ ಕತ್ತರಿಸಿ ಬೋಳಾಗಿಸುತ್ತೇವೆ. ಹದಿನೈದು ದಿನದಲ್ಲಿ ಕಣ್ಣುಕಣ್ಣಿಗೂ ಚಿಗುರು! ಬಳ್ಳಿಗೆ ಸಲ್ಲುವ ನ್ಯಾಯ ತಲೆಗೇಕೆ ಸಲ್ಲದು? ನೇರವಾಗಿ ಸಿದ್ಧೇಶ್ವರ ಗುಡಿ ಹತ್ತಿರದ ಕ್ಷೌರದ ಅಂಗಡಿಯಲ್ಲಿ ಕುಳಿತೆ.

"ಮೀಸಿನೂ ತೆಗೀಲೇನ್ರಿ?" ಎಂದ ಕ್ಷೌರಿಕ, ದನಿ ತಗ್ಗಿಸಿ.

"ಎಲ್ಲಾ ತಗಿಯಪ್ಪಾ. ಸಮನಾಗಿ ಚಿಗೀಲಿ!"

ತಿಕೋಟಾ ಬಸ್ಸಿನಲ್ಲಿ ಬಬಲೇಶ್ವರದ ಹುಡುಗಿಯ ಸೋದರಮಾವ ಸಿಕ್ಕರು. ನನ್ನ ತಲೆ ನೋಡಿದರು, ಮೀಸೆಯಿಲ್ಲದ ಮುಖ ನೋಡಿದರು. ನನ್ನ ಭುಜ ಒತ್ತಿ, ಕಣ್ಣೊರೆಸಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ಎಂಥ ಮೃದು ಮನಸ್ಸಿನ ಬೀಗರು ಸಿಗುತ್ತಿದ್ದಾರೆ ಎಂದು ಹಿಗ್ಗಿದೆ. ಮನೆಯಲ್ಲಿ ಶೀತವೆಂದು ಹೇಳಿ ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು ಮಲಗಿಬಿಟ್ಟೆ.

ಬೆಳಗ್ಗೆ ಬಾಗಿಲಿಗೆ ಬಬಲೇಶ್ವರದ ಜೀಪು ಬಂತು. ಹತ್ತು ಮಂದಿ ಇಳಿದರು. ಹೆಂಗಸರು ಅಂಗಳದಿಂದಲೇ ಅಳು ತೆಗೆದರು. ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತಿದ್ದ ನಮ್ಮ ಅಪ್ಪ ಗಾಬರಿಯಿಂದ ಎದ್ದು ನಿಂತರು.

"ಯಾರ ಹ್ವಾದ್ರಿ?"

ಅಳು ಗಕ್ಕನೆ ನಿಂತಿತು. ಸೋದರಮಾವ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವ್ರಿ!"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಮಗ ತಲೆ, ಮೀಸೆ ಎರಡನ್ನೂ ಬೋಳಿಸುವುದು ಅಪ್ಪ ತೀರಿಕೊಂಡಾಗ! ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಟವೆಲ್ ಎಳೆದರು.

"ಲೇ, ನಾ ಇನ್ನೂ ಚುರುಮುರಿ ಮುಗಿಸಿಲ್ಲ, ಆಗಲೇ ಬೋಳಿಸ್ಕೊಂಡ್ ಬಂದೀಯೇನ್ಲೇ?"

ಡಿಎಚ್‌ಟಿಯಿಂದ ಹಿಡಿದು ಚಾಟ್ನಿಯವರೆಗೆ ಸಕಲ ಸಂಗತಿಗಳನ್ನೂ ಸಭೆಗೆ ಅರಿಕೆ ಮಾಡಿಕೊಂಡೆ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಅಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತ ಜೀಪು ಹತ್ತಿದರು.

ಕನ್ಯೆ ನೋಡಲು ಗೊತ್ತು ಮಾಡಿದ್ದ ದಿನ ಜೀವ ಕೈಯಲ್ಲಿ ಹಿಡಿದು ಬಬಲೇಶ್ವರಕ್ಕೆ ಹೋದೆ. ಡಾಕ್ಟರು ಹೇಳಿದಂತೆಯೇ ಗಡ್ಡ, ಮೀಸೆ ಹುಲುಸಾಗಿ ಬಂದಿದ್ದವು. ನೆತ್ತಿಯಲ್ಲಿ ಮಾತ್ರ ಒಂದು ಚಿಗುರಿಲ್ಲ! ಅವರದ್ದೂ ದ್ರಾಕ್ಷಿ ತೋಟವೇ. ಹುಡುಗಿ ಶೋಭಾ ಚಹಾ ಇಟ್ಟು ನೇರವಾಗಿ ಕೇಳಿದಳು.

"ಬೇರ ಸೊರಗಿದ ಬಳ್ಳಿಗಿ ಚಾಟ್ನಿ ಮಾಡಿದ್ರ ಚಿಗೀತೈತೇನ್ರಿ?"

"ಇಲ್ರಿ," ಎಂದೆ, ಬೆವರುತ್ತ.

"ತಲಿ ಹೆಂಗಿದ್ರೂ ನಡೀತೈತ್ರಿ. ತ್ವಾಟದ ಚಾಟ್ನಿ ಮಾತ್ರ ನನಗ ಬಿಡ್ರಿ."

ಕುಣಿಯುವಷ್ಟು ಖುಷಿಯಾಯಿತು. ಇದೀಗ ಮದುವೆಯಾಗಿ ನಾಲ್ಕು ವರ್ಷ. ಅಕ್ಟೋಬರ್ ಬಂತೆಂದರೆ ಶೋಭಾ ಕತ್ತರಿ ಹಿಡಿದು ಆಳುಗಳ ಮುಂದೆ ನಡೆಯುತ್ತಾಳೆ. ನನ್ನ ಕೈಗೆ ಕತ್ತರಿ ಕೊಡುವುದಿಲ್ಲ. ನೆತ್ತಿ ಸುಡದಿರಲೆಂದು ಒಂದು ಕುಲಾಯಿ ಕೊಟ್ಟು, ಬದುವಿನ ಮೇಲೆ ಕೂರಿಸುತ್ತಾಳೆ.